ಗೋಡೆಗೂ ಒಂದು ಹೊದಿಕೆ

ಹೊಸ ಮನೆಯ ಹಜಾರ ದೊಡ್ಡದು. ಗೋಡೆ ನುಣುಪು, ನೆಲ ಕನ್ನಡಿ. ಅದೇ ಮಾವನವರಿಗೆ ಮುಳುವಾಯಿತು. ವಾರಕ್ಕೊಮ್ಮೆ ಅವರು ಕಾವ್ಯ ಓದುತ್ತಿದ್ದರು, ಬೀದಿಯವರು ಬಂದು ಕೇಳುತ್ತಿದ್ದರು. ಇಲ್ಲಿ ಒಂದು ಮಾತು ಗೋಡೆಗೆ ಬಡಿದು ಮರಳುವಷ್ಟರಲ್ಲಿ ಇನ್ನೊಂದು ಹೊರಟು, ಎರಡೂ ಕಲಸಿಹೋಗುತ್ತಿದ್ದವು. ಮಗಳು ಮೈಕು ತರಿಸಿದಳು. ಗದ್ದಲ ಇಮ್ಮಡಿಯಾಯಿತು. ಕೇಳುಗರು ಒಬ್ಬೊಬ್ಬರಾಗಿ ಜಾರಿಕೊಂಡರು. ಗಡಿಯಾರ ರಿಪೇರಿಯ ಮುದುಕರು ಮಾತ್ರ ಕೊನೆಯ ಸಾಲಿನಲ್ಲಿ ಕಿವಿಗೆ ಕೈ ಒಡ್ಡಿ ಕೂತಿರುತ್ತಿದ್ದರು.

ತಮ್ಮ ಗಂಟಲೇ ಹೋಯಿತೆಂದುಕೊಂಡರು ಮಾವ. ಬರುವ ಭಾನುವಾರ ಓದಿ ಪುಸ್ತಕ ಕಟ್ಟಿಡುವೆ ಎಂದರು. ಸೊಸೆ ತವರಿನಲ್ಲಿ ಅಕ್ಷರ ಕಲಿಯುವ ಮೊದಲೇ ಪದ್ಯ ಕೇಳಿ ಬೆಳೆದವಳು. ಈಗ ಮಾವನ ದನಿ ನಿಂತರೆ ಮನೆಯ ದೀಪವೇ ಆರಿದಂತೆ ಅವಳಿಗೆ.

ಅವಳಿಗೊಂದು ಬಿರುದಿತ್ತು: ಗುಜರಿ ಅತ್ತಿಗೆ. ಹರಿದ ರಜಾಯಿ, ಬಣ್ಣ ಹೋದ ಪರದೆ, ಮೊಣಕೈ ಸವೆದ ಕೋಟು, ಮುರಿದ ಮಂಚದ ಪಟ್ಟಿ, ಯಾವುದನ್ನೂ ಬಿಸಾಡಳು. ಹಿಂದಿನ ಕೋಣೆ ಸೂರಿನವರೆಗೂ ತುಂಬಿತ್ತು. ಶುಕ್ರವಾರ, ಮೈಕು ತರಿಸಿದ್ದ ನಾದಿನಿಯೇ ಗುಜರಿಯವನನ್ನು ಕರೆಸಿದಳು.

"ಹೀಗೇ ಬಿಟ್ರೆ ನಮ್ಮನ್ನೂ ಒಗೆದು ಮಡಚಿ ಇಟ್ಬಿಡ್ತೀರ, ಅತ್ತಿಗೆ."

ಸೊಸೆ ನಕ್ಕಳು. ಸಾಮಾನು ತೆಗೆದುಕೊಡಲೆಂದು ಆ ಕೋಣೆಯ ಬಾಗಿಲು ಸರಿಸಿದವಳು ಅಲ್ಲೇ ನಿಂತಳು. ರಾಶಿಯ ಆಚೆ ಮೂಲೆಯಲ್ಲಿ ಮಾವ ಕುಳಿತು ತಮ್ಮಷ್ಟಕ್ಕೆ ತಾವು ಪದ್ಯ ಹೇಳಿಕೊಳ್ಳುತ್ತಿದ್ದರು. ಪಿಸುದನಿ, ಆದರೂ ಒಂದೊಂದು ಅಕ್ಷರವೂ ಬಿಡಿಸಿಟ್ಟ ದಾಳಿಂಬೆ ಕಾಳಿನ ಹಾಗೆ ಬಿಡಿಬಿಡಿಯಾಗಿ ಬಂತು.

ಅವಳು ಗುಜರಿಯವನನ್ನು ಕೈಮುಗಿದು ಕಳುಹಿಸಿದಳು. ನಾದಿನಿ ಹುಬ್ಬೇರಿಸಿದಳು.

"ಮಾವನ ಗಂಟಲಿಗೆ ಏನೂ ಆಗಿಲ್ಲ ಕಣೇ. ನಮ್ಮ ಗೋಡೆ ಬರಿಮೈಲಿದೆ, ಅಷ್ಟೇ. ಸೂಜಿ ದಾರ ತಗೊಂಡು ಬಾ."

ನಾದಿನಿ ಗೊಣಗುತ್ತಲೇ ಬಂದಳು. ಹಜಾರದ ಗೋಡೆಗೆ ಒಂದು ರಜಾಯಿ ನೇತುಹಾಕಿ ಚಪ್ಪಾಳೆ ತಟ್ಟಿ ನೋಡಿದ ಮೇಲೆ ಗೊಣಗಾಟ ನಿಂತಿತು. ಮಂಚದ ಪಟ್ಟಿಗಳು ಚೌಕಟ್ಟಾದವು. ಕೋಟು, ದಿಂಬಿನ ಹತ್ತಿ ಅದರ ಹೊಟ್ಟೆ ಸೇರಿದವು. ಮೇಲೆ ಪರದೆಯ ಬಟ್ಟೆ. ಬಣ್ಣಕ್ಕೆ ಬಣ್ಣ ಹೊಂದಿಸಿ ಹೊಲಿದವಳು ನಾದಿನಿಯೇ. ಮನೆಮನೆಗೆ ಹೋಗಿ ಕೇಳುಗರನ್ನು ಎಳೆದುತಂದವಳೂ ಅವಳೇ.

ಭಾನುವಾರ ಮಾವ ಮೊದಲ ಸಾಲು ಓದಿ ತಡೆದರು. ಮರುದನಿ ಬರಲಿಲ್ಲ. ಗೋಡೆ ನೋಡಿದರು, ಮತ್ತೆ ಪುಸ್ತಕ ನೋಡಿದರು. ಆಮೇಲೆ ಧೈರ್ಯ ಮಾಡಿ ದನಿ ತಗ್ಗಿಸಿದರು. ಕಾವ್ಯದಲ್ಲಿ ತುಂಟ ದೂತನ ಮಾತು ಬಂದಾಗ ಮೊದಲು ನಕ್ಕವರು ಕೊನೆಯ ಸಾಲಿನವರು. ತಾಯಿ ಮಗನನ್ನು ಕಳುಹಿಸಿಕೊಡುವಲ್ಲಿ ಯಾರೂ ಕೆಮ್ಮಲೂ ಇಲ್ಲ.

ಅಧ್ಯಾಯ ಮುಗಿಯಿತು. ಯಾರೂ ಏಳಲಿಲ್ಲ.

"ನಿಲ್ಲಿಸ್ಬೇಡಿ ಸ್ವಾಮಿ, ಮುಂದಿಂದೂ ಆಗ್ಲಿ," ಎಂದರು ಗಡಿಯಾರದ ಮುದುಕರು.

ಮಾವ ಬಾಗಿಲ ಬಳಿ ನಿಂತ ಸೊಸೆಯತ್ತ ತಿರುಗಿದರು.

"ಅಲ್ಲಿಗೂ ಕೇಳಿಸ್ತಾ ತಾಯಿ?"

"ಅಕ್ಷರ ಅಕ್ಷರವೂ, ಮಾವ."

ಅವರು ಬೆನ್ನು ನೆಟ್ಟಗೆ ಮಾಡಿಕೊಂಡು, ಹಾಳೆ ಮಗುಚಿ, ತುಂಬುಗಂಟಲಿನಲ್ಲಿ ಮುಂದಿನ ಅಧ್ಯಾಯ ಎತ್ತಿಕೊಂಡರು.