ಹನ್ನೆರಡರೊಳಗೆ ಹದಿನಾರು ಪಿಟೀಲು

ನಲವತ್ತು ವರ್ಷ ಕೋರ್ಟಿನಲ್ಲಿ ಟೈಪು ಹೊಡೆದವನು ನಾನು. ಕಣ್ಣು ಕಾಗದದ ಮೇಲೆ, ಬೆರಳು ಕೀಲಿಗಳ ಮೇಲೆ. ನಡುವೆ ತಲೆ ಎತ್ತಿದವನು ಟೈಪಿಸ್ಟೇ ಅಲ್ಲ ಅಂತ ನಮ್ಮ ಕಾಲದ ಮಾತು. ಈ ಜಂಭವೇ ಮೊನ್ನೆ ನನ್ನನ್ನು ಮುಳುಗಿಸುತ್ತಿತ್ತು, ಕೇಳಿ.

ನನ್ನ ತಂಗಿ ಪಿಟೀಲು ರಿಪೇರಿ ಮಾಡುವವಳು. ಸೋಮವಾರ ಏಣಿಯಿಂದ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಗುರುವಾರ ಅವಳ ಅಂಗಡಿಗೆ ಹೋದರೆ ಕಂಪ್ಯೂಟರಿನಲ್ಲಿ ಇನ್ನೂರ ನಲವತ್ತು ಮೇಲ್ ತೆರೆಯದೇ ಬಿದ್ದಿದ್ದವು. ಅವಳ ಮಗಳ ಎರಡೂ ಕೈ ಅಂಟಿನಲ್ಲಿ. ಆಗ ತಾನೇ ಕೂಡಿಸಿದ ಪಿಟೀಲೊಂದನ್ನು ಅದುಮಿ ಹಿಡಿದು ನಿಂತಿದ್ದಳು.

ನಾನು ಮೌಸ್ ಹಿಡಿದು ತಡಕಾಡುವುದನ್ನು ನೋಡಲಾರದೆ ಅಲ್ಲಿಂದಲೇ ಕೂಗಿದಳು. "ಮಾವ, ಅದನ್ನ ಬಿಡಿ! ಜೆ ಒತ್ತಿದ್ರೆ ಮುಂದಿನ ಮೇಲು. ಇ ಒತ್ತಿದ್ರೆ ಇದು ಪಕ್ಕಕ್ಕೆ ಹೋಗುತ್ತೆ. ಆರ್ ಒತ್ತಿದ್ರೆ ಉತ್ತರ ಬರೆಯೋ ಜಾಗ. ಬರೆದಾದ್ಮೇಲೆ ಕಂಟ್ರೋಲು, ಎಂಟರು."

ಅಷ್ಟೇ! ಮುದುಕನ ಕೈಗೆ ರೆಕ್ಕೆ ಬಂತು. ಜೆ, ಇ, ಜೆ, ಇ. ಜಾಹೀರಾತೆಲ್ಲ ಧೂಳೀಪಟ! ನೂರ ಎಂಬತ್ತು ಮುಗಿಸಿದಾಗ ಒಂದು ಪತ್ರ ಸಿಕ್ಕಿತು. ಸಂಗೀತ ಶಾಲೆಯದು. ಹದಿನಾರು ಪಿಟೀಲು ರಿಪೇರಿಗಿವೆ, ಗುರುವಾರ ಮಧ್ಯಾಹ್ನ ಹನ್ನೆರಡರೊಳಗೆ ಒಪ್ಪಿಗೆ ಬಾರದಿದ್ದರೆ ಬೇರೆಯವರಿಗೆ.

ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಪಕ್ಕದಲ್ಲೇ ಕೂತಿದ್ದ ತಂಗಿಯ ಮುಖ ಬಿಳಿಚಿತು. "ಅಣ್ಣಾ, ಮೂರು ವರ್ಷದಿಂದ ಕಾಯ್ತಿದೀನಿ ಇದಕ್ಕೆ. ಗಂಟೆ ಎಷ್ಟು?"

"ಹನ್ನೊಂದು ನಲವತ್ತೆಂಟು. ನೀನು ಏನು ಬರೀಬೇಕೋ ಗೀಚಿ ಕೊಡು, ಸಾಕು."

ಎಡಗೈಯಲ್ಲಿ ಕಾಗೆ ಕಾಲಿನ ಹಾಗೆ ಗೀಚಿಕೊಟ್ಟಳು. ಕಾಗದ ಪಕ್ಕದಲ್ಲಿಟ್ಟುಕೊಂಡು ಹೊಡೆದೆ ನೋಡಿ, ಮಳೆ ಬಿದ್ದ ಹಾಗೆ! ಕಂಟ್ರೋಲು, ಎಂಟರು. ತಲೆ ಎತ್ತಿದರೆ ಶಾಲೆಯ ಪತ್ರವೇ ಇಲ್ಲ!

"ಮಾವ, ಆರ್ ಒತ್ತಿದ್ರಾ ಮೊದಲು?"

ಒತ್ತಿರಲಿಲ್ಲ. ಉತ್ತರದ ಜಾಗ ತೆರೆಯದೆ ಹೊಡೆದ ಒಂದೊಂದು ಅಕ್ಷರವೂ ಆಜ್ಞೆಯಾಗಿ, ಶಾಲೆಯ ಪತ್ರದ ಜೊತೆ ಏಳೆಂಟು ಮೇಲ್‌ಗಳು ಮಾಯವಾಗಿದ್ದವು. ಕೊನೆಗೆ ಎಲ್ಲೋ ಒಂದು ಆರ್ ಬಂದಾಗ, ಪರದೆಯಲ್ಲಿದ್ದ ತಂಗಿಯ ಹಲ್ಲಿನ ಡಾಕ್ಟರ ಮೇಲ್‌ಗೆ ಉತ್ತರದ ಜಾಗ ತೆರೆದು, ಮಿಕ್ಕ ಸಾಲುಗಳೆಲ್ಲ ಅವರಿಗೇ ಹೋಗಿದ್ದವು: "ಹದಿನಾರನ್ನೂ ಬಿಚ್ಚಿ, ಉಜ್ಜಿ, ಹೊಸ ಅಂಟು ಹಾಕಿ ಹದಿನೈದು ದಿನದಲ್ಲಿ ಕೊಡುತ್ತೇವೆ. ಮತ್ತೆ ಅಲ್ಲಾಡುವುದಿಲ್ಲ."

"ಅಯ್ಯೋ, ಅಳಿಸಿಬಿಟ್ಯಾ ಅಣ್ಣಾ?"

"ಇಲ್ಲಮ್ಮ, ಇ ಒತ್ತಿದ್ರೆ ಅಳಿಸಲ್ಲ, ಪಕ್ಕಕ್ಕಿಡುತ್ತೆ ಅಷ್ಟೇ," ಅಂದಳು ಹುಡುಗಿ. "ಮಾವ, ಓರೆ ಗೆರೆ ಇರೋ ಕೀಲಿ! ಬಲಗಡೆ, ಕೆಳಗೆ! ಅದೊತ್ತಿದ್ರೆ ಹುಡುಕೋ ಜಾಗ, ಅಲ್ಲಿ ಶಾಲೆ ಹೆಸರು ಹೊಡೀರಿ. ದಮ್ಮಯ್ಯ ಅಂತೀನಿ, ಈ ಸಲ ಪರದೆ ನೋಡ್ಕೊಂಡು!"

ಹನ್ನೊಂದು ಐವತ್ತಾರು. ಓರೆ ಗೆರೆ ಒತ್ತಿದೆ, ಹೆಸರು ಹೊಡೆದೆ. ಬಂತು! ಪತ್ರ ತೆರೆದೆ, ಆರ್ ಒತ್ತಿದೆ. ನಲವತ್ತು ವರ್ಷದಲ್ಲಿ ಮೊದಲ ಸಲ ತಲೆ ಎತ್ತಿಕೊಂಡೇ ಟೈಪು ಹೊಡೆದೆ. ಪಕ್ಕದಲ್ಲಿ ತಂಗಿ ತಾನು ಗೀಚಿದ್ದನ್ನು ಗಟ್ಟಿಯಾಗಿ ಓದುತ್ತಿದ್ದಳು. ಕಂಟ್ರೋಲು, ಎಂಟರು. ಹನ್ನೊಂದು ಐವತ್ತೊಂಬತ್ತು!

ಮೂವರೂ ಪರದೆಯನ್ನೇ ನೋಡುತ್ತಾ ಕಾದೆವು. ಟಿಂಗ್ ಅಂತು. ಹಲ್ಲಿನ ಡಾಕ್ಟರು: "ಹದಿನಾರು ಹಲ್ಲನ್ನು ಹದಿನೈದು ದಿನದಲ್ಲಿ ಮುಗಿಸಲು ನನ್ನಿಂದಲೂ ಆಗದು. ಯಾರಮ್ಮ ಆ ಪುಣ್ಯಾತ್ಮ?"

"ಈ ಪುಣ್ಯಾತ್ಮನೇ," ಅಂತ ತಂಗಿ ನನ್ನ ಬೆನ್ನಿಗೆ ಎಡಗೈಯಲ್ಲೇ ಗುದ್ದಿದಳು.

ಇನ್ನೊಂದು ಟಿಂಗ್. ಶಾಲೆಯದು. ಒಂದೇ ಸಾಲು: "ಎರಡು ಗಂಟೆಗೆ ವ್ಯಾನು ಬರುತ್ತದೆ, ಜಾಗ ಮಾಡಿಟ್ಟುಕೊಳ್ಳಿ."

ತಂಗಿ ಕಣ್ಣೊರೆಸಿಕೊಂಡು ಎದ್ದಳು. "ಏನು ನೋಡ್ತಿದೀಯ ಅಣ್ಣಾ? ಆ ಬೆಂಚು ಎತ್ತು. ಅದನ್ನ ಪಕ್ಕಕ್ಕಿಡೋಕೆ ಯಾವ ಕೀಲೀನೂ ಇಲ್ಲ."