ಮೊದಲ ನೀರು

ಹಿತ್ತಿಲ ಗುಲಾಬಿಗಿಡದಿಂದ ಆ ಮನೆಯವರು ಒಂದು ಹೂವನ್ನೂ ಕಿತ್ತವರಲ್ಲ. ಅರಳಿದ್ದು ಗಿಡದಲ್ಲೇ ಬಾಡಬೇಕು, ಉದುರಿದ್ದು ಬುಡದಲ್ಲೇ ಮಣ್ಣಾಗಬೇಕು. ಪುಟ್ಟಿ ಚಿಕ್ಕವಳಿದ್ದಾಗ ಒಮ್ಮೆ ಆಸೆ ತಡೆಯಲಾರದೆ ಕೈ ಚಾಚಿದ್ದಕ್ಕೆ ಅಮ್ಮ ಅವಳ ಕಿವಿ ಹಿಂಡಿ, "ನೀನು ಹುಟ್ಟೋಕೆ ಮುಂಚಿಂದ ಪರಮಪ್ರಸಾದ ತಗೊಳ್ತಿರೋ ಗಿಡ ಕಣೇ ಅದು, ಅದರ ತಂಟೆಗೆ ಹೋಗಬೇಡ" ಅಂದಿದ್ದಳು. ಅವತ್ತಿನಿಂದ ಆ ಗಿಡವನ್ನು ಕಂಡರೆ ಪುಟ್ಟಿಗೆ, ಯಾರೋ ದೂರದ ಹಿರಿಯರು ಮನೆಗೆ ಬಂದು ಹಿತ್ತಿಲಲ್ಲೇ ನಿಂತಿದ್ದಾರೆ, ಕೂತ್ಕೊಳ್ಳಿ ಅನ್ನಲು ಎಲ್ಲರೂ ಮರೆತಿದ್ದಾರೆ ಎನ್ನುವ ಹಾಗೆ ಒಂದು ಸಂಕೋಚ. ಈಗ ಅವಳ ತಲೆ ಅರ್ಧ ನರೆತಿದೆ. ಹೆಸರು ಮಾತ್ರ ಪುಟ್ಟಿಯೇ, ಸಂಕೋಚವೂ ಅದೇ.

ಚರ್ಚಿನ ಪೀಠದ ಬಟ್ಟೆ ಒಗೆಯುವುದು ಆ ಮನೆಯ ಕೆಲಸ. ಮೊದಲು ಅಮ್ಮ ಒಗೆಯುತ್ತಿದ್ದಳು. ಅವಳ ಮೊಣಕಾಲು ಮುಷ್ಕರ ಹೂಡಿದ ಮೇಲೆ ಪುಟ್ಟಿ. ಪೂಜೆಯಲ್ಲಿ ದ್ರಾಕ್ಷಾರಸದ ಪಾತ್ರೆ ಒರೆಸುವ ಸಣ್ಣ ಬಟ್ಟೆಗಳು, ಅಪ್ಪದ ತಟ್ಟೆಯ ಕೆಳಗೆ ಹಾಸುವ ಚೌಕದ ಬಟ್ಟೆ, ಇವನ್ನು ತಂದ ಕೂಡಲೇ ಸೋಪಿಗೆ ಹಾಕುವ ಹಾಗಿಲ್ಲ. ಮೊದಲು ಬರೀ ನೀರಲ್ಲಿ ನೆನೆಸಿ ಹಿಂಡಬೇಕು. ಪೂಜೆಯಲ್ಲಿ ಕರ್ತನ ದೇಹ, ರಕ್ತವಾದ ಪರಮಪ್ರಸಾದದ ಕಣ್ಣಿಗೆ ಕಾಣದ ಒಂದು ಚೂರು, ಪಾತ್ರೆಯ ಕೊನೆಯ ಹನಿ, ಬಟ್ಟೆಯಲ್ಲಿ ಇದ್ದರೂ ಇದ್ದೀತು. ಹಾಗಾಗಿ ಆ ನೀರು ಮೋರಿ ಸೇರಬಾರದು, ಮಣ್ಣಿಗೇ ಹೋಗಬೇಕು. ಅದಕ್ಕೆಂದೇ ನೀಲಿ ಅಂಚಿನ ಒಂದು ಬಿಳಿ ಬೋಗುಣಿ. ಅಮ್ಮ ಅದನ್ನು ಎರಡು ಕೈಯಲ್ಲಿ ಹಿಡಿದು, ಹಸುಗೂಸಿನ ತಲೆಗೆ ನೀರು ಹಾಕುವ ನಿಧಾನದಲ್ಲಿ ಗಿಡದ ಬುಡಕ್ಕೆ ಬಗ್ಗಿಸುತ್ತ, "ಕರ್ತನೇ, ನಿನ್ನದು ನಿನ್ನ ಮಣ್ಣಿಗೆ" ಎನ್ನುತ್ತಿದ್ದಳು. ಆ ನೀರಿಗೆ ದ್ರಾಕ್ಷಾರಸದ ವಾಸನೆ ಇರುತ್ತಿತ್ತು, ಇದೆಯೋ ಇಲ್ಲವೋ ಅನ್ನುವಷ್ಟು. ಅವರಿಬ್ಬರೂ ಅದನ್ನು ಮೊದಲ ನೀರು ಎಂದು ಕರೆಯುತ್ತಿದ್ದರು.

ಹೊಸ ಫಾದರ್ ಬಂದು ಅವರ ಹೊಸ ಚಪ್ಪಲಿ ಇನ್ನೂ ಸವೆದಿರಲಿಲ್ಲ, ಊರಿಗೆ ಜ್ವರ ಬಂತು, ಚರ್ಚಿನ ಗೇಟಿಗೆ ಬೀಗ ಬಿತ್ತು. ಫಾದರ್ ಒಳಗೆ ಒಬ್ಬರೇ ಪೂಜೆ ಮಾಡುವುದು, ಜನ ಅದನ್ನು ಮನೆಯಲ್ಲಿ ಫೋನಿನಲ್ಲಿ ನೋಡುವುದು ಎಂದಾಯಿತು. ಬಟ್ಟೆಯ ಚೀಲವನ್ನು ಚರ್ಚಿನ ಗಂಟೆ ಹೊಡೆಯುವ ಗಂಟೆಮಾಮ ಪ್ರತಿ ಶನಿವಾರ ತಂದು ಬಾಗಿಲಿಗೆ ತಗುಲಿಸಿ, ಕೆಮ್ಮಿ, ಅಮ್ಮ ಮಗಳು ಹೊರಗೆ ಬರುವಷ್ಟರಲ್ಲಿ ಮಾಯ.

"ಕೆಮ್ಮಬೇಡ ಮಾಮ, ಬೀದಿಯವರು ಕಲ್ಲು ಹೊಡೀತಾರೆ" ಎಂದು ಪುಟ್ಟಿ ಒಳಗಿಂದಲೇ ಕೂಗುವಳು.

"ಹಾಗಾದ್ರೆ ಇಲ್ಲೂ ಗಂಟೆ ಹೊಡೀಲಾ?" ಎನ್ನುವನು ಆತ, ದೂರದಿಂದ.

ಅಮ್ಮ ಫೋನಿನ ಪೂಜೆಯನ್ನೂ ಸುಮ್ಮನೆ ನೋಡುವವಳಲ್ಲ. ಫೋನನ್ನು ಉಪ್ಪಿನ ಭರಣಿಗೆ ಒರಗಿಸಿ ಇಡಬೇಕು, ಒಲೆ ಆರಿಸಬೇಕು, ತಲೆಗೆ ಬಟ್ಟೆ ಹಾಕಬೇಕು. ಫಾದರ್ "ಎದ್ದು ನಿಲ್ಲಿ" ಅಂದರೆ ಮೊಣಕಾಲು ಕಟಕಟ ಅನ್ನಿಸುತ್ತ ಏಳುವಳು. ಪರಮಪ್ರಸಾದದ ಹೊತ್ತಿಗೆ, ಫಾದರ್ ನಾಲಿಗೆಯ ಮೇಲೆ ಅಪ್ಪದ ಚೂರು ಇಡುವ ಹೊತ್ತಿಗೆ ಮಾತ್ರ, ಅವಳಿಗೇ ಗೊತ್ತಿಲ್ಲದೆ ಬಾಯಿ ಸ್ವಲ್ಪ ತೆರೆಯುತ್ತಿತ್ತು. ಭರಣಿಯ ಮುಂದೆ ಹಾಗೇ ಒಂದು ಕ್ಷಣ ಇದ್ದು, ಮೆಲ್ಲಗೆ ಮುಚ್ಚಿಕೊಳ್ಳುವಳು. ಪುಟ್ಟಿ ಆಗ ನೆಲ ನೋಡುತ್ತಿದ್ದಳು.

ಆಮೇಲೆ ಜ್ವರ ಅವರ ಮನೆಯ ಹೊಸಿಲನ್ನೂ ದಾಟಿತು. ಒಲೆಯ ಮೇಲೆ ಹಾಲು ತಳ ಹಿಡಿದು ಮನೆಯೆಲ್ಲ ಸುಟ್ಟ ನಾತ ಹಬ್ಬಿದ್ದರೂ, ಪಕ್ಕದಲ್ಲೇ ಕೂತಿದ್ದ ಅಮ್ಮನಿಗೆ ಏನೂ ತಿಳಿಯಲಿಲ್ಲ. ಮೂಗು ಸತ್ತಿತ್ತು. ಬೀದಿಯ ಬಾಯಿಗೆ ಅಡ್ಡ ಹಲಗೆ ಬಡಿದರು. ಜ್ವರವೇನೋ ಇಳಿಯಿತು, ಅಮ್ಮನ ಉಸಿರು ಮಾತ್ರ ಸರಿಹೋಗಲಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ. ಡಾಕ್ಟರು ಫೋನಿನಲ್ಲಿ, "ಅವರಿಗೆ ಏನು ಇಷ್ಟವೋ ಅದನ್ನ ಕೊಡಿ" ಅಂದರು. ಆ ಮಾತಿನ ಅರ್ಥ ಪುಟ್ಟಿಗೆ ಫೋನಿಟ್ಟ ಮೇಲೆ ಆಯಿತು.

ಅಮ್ಮನಿಗೆ ಇಷ್ಟವಾದದ್ದು ಒಂದೇ. ಪರಮಪ್ರಸಾದ ಬೇಕು, ಹೋಗುವುದರೊಳಗೆ.

ಪುಟ್ಟಿ ಫಾದರಿಗೆ ಫೋನು ಮಾಡಿದಳು. ಎಳೆ ದನಿಯ ಮನುಷ್ಯ. ಸುಳ್ಳು ಭರವಸೆ ಕೊಡಲು ಇನ್ನೂ ಕಲಿತಿರಲಿಲ್ಲ.

"ಅಕ್ಕಾ, ಹಲಗೆ ದಾಟಿ ಬಿಡಲ್ಲ ಅಂತಾರೆ. ನಿನ್ನೆಯೇ ಹೋಗಿ ಕೇಳಿದೆ. ಕೈಮುಗಿದೆ. ಬಿಡಲ್ಲ. ಧರ್ಮಾಧ್ಯಕ್ಷರ ಆಜ್ಞೆಯೂ ಅದೇ. ಅಮ್ಮನವರ ಹತ್ರ ಫೋನು ಕೊಡಿ, ಪ್ರಾರ್ಥನೆ ಹೇಳಿಕೊಡ್ತೀನಿ. ಮನಸ್ಸಿನಲ್ಲೇ ಪ್ರಭುವನ್ನ ಸ್ವೀಕರಿಸಬಹುದು."

ಅಮ್ಮ ಪ್ರಾರ್ಥನೆಯನ್ನು ಪೂರ್ತಿ ಹೇಳಿದಳು, ಒಂದೊಂದು ಮಾತಿಗೂ ನಿಂತು ಉಸಿರೆಳೆದುಕೊಂಡು. ಫೋನಿಟ್ಟ ಮೇಲೆ ಪುಟ್ಟಿಯ ಕಡೆ ತಿರುಗಿದಳು.

"ಒಳ್ಳೆ ಹುಡುಗ. ಆದ್ರೆ ಮನಸ್ಸಿನಲ್ಲೇ ಉಂಡ್ರೆ ಹೊಟ್ಟೆ ತುಂಬುತ್ತೇನೇ?"

"ಅಮ್ಮಾ, ಹಾಗೆಲ್ಲ ಅನ್ನಬಾರದು."

"ಅಂದೆ, ಏನೀಗ? ಬೈಯೋಕೆ ಅವರು ಇಲ್ಲಿಗೆ ಬರಲಿ. ಅದಕ್ಕಾದ್ರೂ ಬರಲಿ."

ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಂತ ಮೇಲೆ, ಕಿಟಕಿಯಾಚೆ ಗಿಡವನ್ನೇ ನೋಡುತ್ತ, "ಶನಿವಾರ ಚೀಲ ಬರುತ್ತಲ್ಲ" ಅಂದಳು. "ಮೊದಲ ನೀರು ಸ್ವಲ್ಪ ನನಗೆ ಕೊಡು."

ಒಂದು ಹನಿ ಅಂಗಳದ ಕಲ್ಲಿಗೆ ಬಿದ್ದರೆ ಆ ಕಲ್ಲನ್ನೇ ತೊಳೆಸಿದವಳು ಈ ಅಮ್ಮ. ಬೋಗುಣಿಯನ್ನು ಮುಟ್ಟುವ ಮೊದಲು ಉಂಗುರ ತೆಗೆಸುತ್ತಿದ್ದವಳು.

"ಅದು ಗಿಡದ್ದು ಅಂತ ನೀನೇ ಹೇಳಿದ್ದೆ."

"ಗಿಡಕ್ಕೆ ಇಷ್ಟು ವರ್ಷ ಕೊಟ್ಟಿದ್ದೀನಿ. ಒಂದು ಸಲ ನನಗೆ ಬಿಟ್ಟುಕೊಟ್ರೆ ಅದೇನು ಮುನಿಸಿಕೊಳ್ಳುತ್ತಾ? ಕೇಳಿ ನೋಡು ಹೋಗು."

ಪುಟ್ಟಿ ನಿಜವಾಗಿಯೂ ಹಿತ್ತಿಲಿಗೆ ಹೋಗಿ ನಿಂತಳು. ಕೇಳಲಿಲ್ಲ. ಕೇಳಿದ್ದರೆ ಗಿಡ ಹೂಂ ಅನ್ನುತ್ತಿತ್ತೇನೋ. ಅವಳಿಗೆ ಭಯವಿದ್ದದ್ದು ಗಿಡದ್ದಲ್ಲ.

ಆದರೂ ಶನಿವಾರ ಬೆಳಿಗ್ಗೆ ಬೋಗುಣಿಯನ್ನು ತೊಳೆದು, ಒರೆಸಿ, ಬಿಸಿಲಿಗಿಟ್ಟು, ಬೀದಿಯ ತುದಿಯ ಹಲಗೆಯ ಹತ್ತಿರ ಕಾಯತೊಡಗಿದಳು. ಬಿಸಿಲೇರಿದ ಮೇಲೆ ಗಂಟೆಮಾಮ ಬಂದ. ಬರಿಗೈ. ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

"ಚೀಲ ಎಲ್ಲಿ ಮಾಮ?"

"ಬೇಜಾರು ಮಾಡ್ಕೋಬೇಡ ಮಗಳೇ. ಜ್ವರದ ಮನೆಗೆ ಪೀಠದ ಬಟ್ಟೆ ಕೊಡಬೇಡಿ ಅಂತ ಮೇಲಿಂದ ಹೇಳಿದ್ದಾರಂತೆ. ಫಾದರೇ ಒಗೆದ್ಕೊಂಡ್ರು. ಇಸ್ತ್ರಿ ಮಾಡೋಕೆ ಹೋಗಿ ಒಂದು ಮೂಲೆ ಸುಟ್ಟುಬಿಟ್ರು, ಪಾಪ."

"ಮೊದಲ ನೀರು?"

"ಗಂಟೆ ಕಂಬದ ಬುಡಕ್ಕೆ ಹಾಕಿದ್ರು. ನಾನೇ ನೋಡಿದೆ. ಪದ್ಧತಿ ತಪ್ಪಲಿಲ್ಲ, ನಿಮ್ಮಮ್ಮನಿಗೆ ಹೇಳು, ಸಮಾಧಾನ ಆಗುತ್ತೆ."

ಆಕೆಗೆ ಬೇಕಾಗಿದ್ದದ್ದು ಆ ಸಮಾಧಾನವಲ್ಲ ಎಂದು ಹಲಗೆಯ ಮೇಲೆ ಬಾಗಿ ಹೇಗೆ ಹೇಳುವುದು? ಪುಟ್ಟಿ ಹೇಳಿಬಿಟ್ಟಳು. ಗಂಟೆಮಾಮ ಎರಡು ಹೆಜ್ಜೆ ಹಿಂದೆ ಸರಿದ. ಜ್ವರಕ್ಕೆ ಹೆದರಿ ಸರಿದನೋ ಮಾತಿಗೆ ಹೆದರಿ ಸರಿದನೋ.

"ಅಯ್ಯೋ ಮಗಳೇ. ಒಂದು ಗಂಟೆ ಮೊದಲು ಹೇಳಬಾರದಿತ್ತಾ? ಮಣ್ಣು ಕುಡಿದುಬಿಡ್ತಲ್ಲ." ತಲೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನಿಂತ. "ಫಾದರಿಗೆ ಹೇಳ್ಲಾ?"

"ಹೇಳಿ ಏನು ಮಾಡ್ತೀಯ ಮಾಮ? ಅವರೂ ಬೇಡ ಅಂತಲೇ ಹೇಳಬೇಕು. ಪಾಪ, ಬೇಡ ಅಂತ ಹೇಳಿ ಹೇಳಿ ಸೊರಗಿದ್ದಾರೆ."

ಮನೆಗೆ ಬಂದಾಗ ಅಮ್ಮ ದಿಂಬಿಗೆ ಒರಗಿ ಕೂತಿದ್ದಳು. ಹೇಗೋ ಏನೋ, ತಲೆಗೆ ತಾನೇ ಬಟ್ಟೆ ಹಾಕಿಕೊಂಡಿದ್ದಳು. ಕೈಗಳನ್ನು ಮಡಿಲಲ್ಲಿ ಜೋಡಿಸಿಟ್ಟಿದ್ದಳು.

"ಬಂತಾ?"

ಇಲ್ಲ ಎನ್ನುವ ಪದ ಪುಟ್ಟಿಯ ನಾಲಿಗೆಯವರೆಗೂ ಬಂದಿತ್ತು. ಅಮ್ಮನ ತಲೆಯ ಬಟ್ಟೆ ಒಂದು ಕಡೆ ಜಾರಿ ಕಿವಿ ಕಾಣುತ್ತಿತ್ತು, ಚಿಕ್ಕ ಮಗುವಿನದರಂತೆ. ಪುಟ್ಟಿ ಬಚ್ಚಲಿಗೆ ಹೋಗಿ ಬೋಗುಣಿಯನ್ನು ನಲ್ಲಿಯ ಕೆಳಗೆ ಹಿಡಿದಳು. ನೀರು ಬೀಳುವ ಸದ್ದು ಇಷ್ಟು ಜೋರಾಗಿರುತ್ತದೆ ಎಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ. ಅಭ್ಯಾಸಬಲದಿಂದ ಉಂಗುರ ತೆಗೆದಿಟ್ಟಳು. ತೆಗೆದ ಮೇಲೆ, ಯಾಕೆ ತೆಗೆದೆ ಎಂದು ಅದನ್ನೇ ನೋಡುತ್ತ ನಿಂತಳು.

ಅಮ್ಮ ಬೋಗುಣಿಯ ಮೇಲೆ ಬಾಗಿ ಉಸಿರೆಳೆದಳು. ಇನ್ನೊಮ್ಮೆ ಎಳೆದಳು.

"ನನಗೆ ಏನೂ ತಿಳಿಯಲ್ಲ. ನೀನು ನೋಡು ಪುಟ್ಟಿ. ವಾಸನೆ ಇದೆಯಾ?"

ಪುಟ್ಟಿ ಬಾಗಿದಳು. ನಲ್ಲಿಯ ತುಕ್ಕಿನ ವಾಸನೆ ಇತ್ತು.

"ಇದೆ ಅಮ್ಮ."

"ದ್ರಾಕ್ಷಾರಸದ್ದು?"

"ಹೂಂ. ಇದೆಯೋ ಇಲ್ಲವೋ ಅನ್ನೋ ಹಾಗೆ."

ಅಮ್ಮ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಾಯಿ ತೆರೆದಳು, ಭರಣಿಯ ಮುಂದೆ ತೆರೆಯುತ್ತಿದ್ದ ಹಾಗೆಯೇ. ಪುಟ್ಟಿ ಚಮಚದಲ್ಲಿ ಒಂದು ಗುಟುಕು ಹಾಕಿದಳು. ಈ ಸಲ ಆ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ತೆರೆಯಲಿಲ್ಲ. ಕಣ್ಣೂ ಮುಚ್ಚಿತ್ತು. ಗಂಟಲು ಒಮ್ಮೆ ಮೇಲೆದ್ದು ಇಳಿಯಿತು.

"ಉಳಿದದ್ದು ಗಿಡಕ್ಕೆ" ಎಂದಳು ಕೊನೆಗೆ. "ಮೋರಿಗೆ ಹಾಕಿಬಿಟ್ಟೀಯ ಮತ್ತೆ. ನಾನು ಇಲ್ಲಿಂದ ನೋಡ್ತಿರ್ತೀನಿ."

ಪುಟ್ಟಿ ಹಿತ್ತಿಲಿಗೆ ಹೋದಳು. ಕೈಯಲ್ಲಿದ್ದದ್ದು ನಲ್ಲಿ ನೀರು. ಎಲ್ಲಿ ಚೆಲ್ಲಿದರೂ ಯಾರ ಗಂಟೂ ಹೋಗುತ್ತಿರಲಿಲ್ಲ. ಕಿಟಕಿಯಲ್ಲಿ ಅಮ್ಮನ ಮುಖ ಇತ್ತು. ಬೋಗುಣಿಯನ್ನು ಎರಡು ಕೈಯಲ್ಲಿ ಹಿಡಿದು, ಹಸುಗೂಸಿನ ತಲೆಗೆ ಹಾಕುವ ನಿಧಾನದಲ್ಲಿ ಬುಡಕ್ಕೆ ಬಗ್ಗಿಸಿದಳು. "ಕರ್ತನೇ" ಎಂದಳು. ಮುಂದಿನ ಮಾತು ಬರಲಿಲ್ಲ. ಅಮ್ಮನಿಗೆ ಹೇಳಿದ ಸುಳ್ಳನ್ನು ಅವನಿಗೂ ಹೇಳುವುದು ಹೇಗೆ? ತಲೆಯೆತ್ತಿ ನೋಡಿದರೆ, ಕಿಟಕಿಯ ಸರಳುಗಳ ಹಿಂದೆ ಅಮ್ಮನ ತುಟಿ ಆಡುತ್ತಿತ್ತು. ಪುಟ್ಟಿ ಬಿಟ್ಟ ಮಾತನ್ನು ಅಲ್ಲಿಂದಲೇ ಪೂರ್ತಿ ಮಾಡುತ್ತಿತ್ತು.

ನೀರು ಪೂರಾ ಇಂಗಿ ಮಣ್ಣು ಕಪ್ಪಾಗಿತ್ತು. ಅಮ್ಮ ಇನ್ನೂ ನೋಡುತ್ತಿದ್ದಳು. ಒಳಗೆ ಹೋಗಿ ಆ ಮುಖದ ಮುಂದೆ ನಿಲ್ಲಲಾರದೆ, ಪುಟ್ಟಿ ಖಾಲಿ ಬೋಗುಣಿಯನ್ನು ಬಗ್ಗಿಸಿಯೇ ಹಿಡಿದುಕೊಂಡಿದ್ದಳು, ಅದರಲ್ಲಿ ಇನ್ನೂ ಒಂದು ಹನಿ ಉಳಿದಿದೆ ಎನ್ನುವ ಹಾಗೆ.