ರಾಯರ ಜಗಲಿಯ ಸಂಶೋಧನಾ ಪಾಠ

ಹೊನ್ನಾವರದ ಪೇಟೆಯಲ್ಲಿ ಪ್ರೊಫೆಸರ್ ಕೃಷ್ಣಾನಂದರಾಯರ ಎದುರು ನಿಂತು ಧೈರ್ಯವಾಗಿ ಒಂದು ಸುದ್ದಿ ಹೇಳುವುದು ಯಾರಿಂದಲೂ ಆಗುತ್ತಿರಲಿಲ್ಲ. ಯುದ್ಧ ಇನ್ನೇನು ಮುಗಿಯುತ್ತದಂತೆ ಎಂದು ಯಾರಾದರೂ ಅಂದರೆ, ನಡೆಯುತ್ತಿದ್ದ ರಾಯರು ನಡುರಸ್ತೆಯಲ್ಲಿಯೇ ನಿಂತು, ತಲೆಯನ್ನು ಎಡಕ್ಕೆ ತುಸು ವಾಲಿಸಿ, "ಯಾರು ಹೇಳಿದ್ದು?" ಎಂದು ಕೇಳುವರು, ಪೇಪರಿನಲ್ಲಿ ಬಂದಿದೆ ಎಂದರೆ, "ಪೇಪರಿನವನಿಗೆ ಯಾರು ಹೇಳಿದ್ದು?" ಎನ್ನುವರು, ಅಷ್ಟರಲ್ಲಿ ಹಿಂದಿನಿಂದ ಬಂದ ಎತ್ತಿನ ಗಾಡಿಯವನು ಗೊಣಗುತ್ತ ಅವರನ್ನು ಬಳಸಿಕೊಂಡು ಗಟಾರದ ಅಂಚಿನಲ್ಲಿ ಗಾಡಿ ಹೊಡೆದುಕೊಂಡು ಹೋಗಿರುತ್ತಿದ್ದನು. ಸುದ್ದಿ ಹೇಳಹೋದವನಿಗೆ ತಾನು ಹೇಳಿದ್ದು ಸುಳ್ಳೇ ಇರಬೇಕೆಂಬ ಅನುಮಾನ ಹುಟ್ಟಿ, ಕೊಡೆಯನ್ನು ಬಗಲಿಗೆ ಸಿಕ್ಕಿಸಿ ಮೆಲ್ಲಗೆ ಜಾರಿಕೊಳ್ಳುತ್ತಿದ್ದನು.

ಮೀನುಪೇಟೆಯ ಗಂಗಿಯೊಬ್ಬಳೇ ಈ ಪ್ರಶ್ನೆಗೆ ಜಗ್ಗದವಳು. ಬಂಗಡೆ ಈಗಷ್ಟೇ ದೋಣಿಯಿಂದ ಇಳಿದದ್ದು ಎಂದು ಅವಳು ಹೇಳಿದಾಗ ರಾಯರು ತಮ್ಮ ಪದ್ಧತಿಯ ಪ್ರಕಾರ ಯಾರು ಹೇಳಿದ್ದೆಂದು ಕೇಳಿದರು. "ನಾ ಹೇಳ್ದೆ ಅಂದ್ರೆ ನೀವು ನಂಬೂದಿಲ್ಲ. ಮೀನನ್ನೇ ಕೇಳಿ ರಾಯರೇ" ಎಂದು ಅವಳು ಬಂಗಡೆಯ ಕಿವಿರನ್ನು ಎತ್ತಿ ಅವರ ಮೂಗಿನ ಹತ್ತಿರ ಹಿಡಿದಳು. ಕಿವಿರಿನ ಕೆಂಪನ್ನು ಕನ್ನಡಕ ಸರಿಪಡಿಸಿಕೊಂಡು ನೋಡಿದ ರಾಯರು, ಚೌಕಾಶಿಯಿಲ್ಲದೆ ಕೊಂಡು ತಂದರು. ಮೂಲ ಆಧಾರಕ್ಕೂ ಕೇಳಿದ ಮಾತಿಗೂ ಏನು ಅಂತರ ಎಂದು ವಿವರಿಸುವ ಪ್ರಸಂಗ ಬಂದಾಗಲೆಲ್ಲ ಅವರು ದೊಡ್ಡ ದೊಡ್ಡ ಗ್ರಂಥಗಳನ್ನು ಬಿಟ್ಟು ಗಂಗಿಯ ಬಂಗಡೆಯನ್ನೇ ದೃಷ್ಟಾಂತವಾಗಿ ಕೊಡುತ್ತಿದ್ದರು.

ಮುಂಬಯಿಯ ಕಾಲೇಜೊಂದರಲ್ಲಿ ಆಯುಷ್ಯದ ಬಹುಭಾಗ ಇತಿಹಾಸ ಕಲಿಸಿ, ಬಾಂಬು ಬೀಳುವ ಭಯಕ್ಕೆ ಆ ಶಹರ ಅರ್ಧ ಖಾಲಿಯಾದ ವರ್ಷ ನಿವೃತ್ತಿ ಹೊಂದಿ, ಹೆಂಡತಿ ಸುಬ್ಬಲಕ್ಷ್ಮಿಯೊಡನೆ ಬಂದರ ರಸ್ತೆಯ ಹಿರಿಯರ ಮನೆಗೆ ಮರಳಿದವರು ಅವರು. ಕರಾವಳಿಯ ಧಗೆಯಲ್ಲಿ ಊರೆಲ್ಲ ಬರಿಮೈಯಲ್ಲಿ ಬೀಸಣಿಗೆ ಹಿಡಿದು ಕುಳಿತಿರುವಾಗ, ರಾಯರು ಪಂಚೆಯ ಮೇಲೆ ಕಪ್ಪು ಆಲ್ಪಾಕಾ ಉಣ್ಣೆಯ ಕೋಟು ತೊಟ್ಟು, ಕತ್ತಿನವರೆಗೂ ಗುಂಡಿ ಹಾಕಿ, ಬರಿಗಾಲಲ್ಲಿ ಜಗಲಿಗೆ ಬರುತ್ತಿದ್ದರು. ಬೆವರು ಕೋಟಿನ ಬೆನ್ನಿನಲ್ಲಿ ಉಪ್ಪಿನ ಗೆರೆ ಬರೆದಿರುತ್ತಿತ್ತು. ಕೋಟಿಲ್ಲದೆ ಹೇಳಿದ್ದು ಹರಟೆ, ಕೋಟು ತೊಟ್ಟು ಹೇಳಿದ್ದು ಪಾಠ ಎಂಬುದು ಅವರ ವಿಭಾಗಕ್ರಮ. ಸುಬ್ಬಲಕ್ಷ್ಮಿಯವರು ಮಾತ್ರ, ಕೋಟು ತೊಟ್ಟು ಹರಟೆ ಹೊಡೆದದ್ದನ್ನೂ ತಾವು ಬೇಕಾದಷ್ಟು ಕೇಳಿದ್ದೇವೆ ಎನ್ನುತ್ತಿದ್ದರು.

ಆ ದಿನಗಳಲ್ಲಿ ಈ ಸೀಮೆಯ ಹುಡುಗರು ಬಿ.ಎ. ಮುಗಿಸುವುದೇ ಒಂದು ಸಾಹಸ. ಮುಗಿಸಿದವರಲ್ಲಿ ಕೆಲವರು ಮುಂಬಯಿ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆದುಕೊಟ್ಟು ಎಂ.ಎ. ಪದವಿ ಪಡೆಯಬೇಕೆಂಬ ಆಸೆಯಿಂದ ರವಿವಾರ ರಾಯರ ಜಗಲಿಗೆ ಬರುತ್ತಿದ್ದರು. ಭಟ್ಕಳದಿಂದ ರಮಾನಂದ, ಕುಮಟೆಯಿಂದ ವನಮಾಲಾ, ಶರಾವತಿಯ ಮೇಲ್ಗಡೆಯ ಹಳ್ಳಿಯೊಂದರಿಂದ ಮಹಾಬಲ ಹೆಗಡೆ. ಪುಸ್ತಕ ಓದಿ ಪರೀಕ್ಷೆಯಲ್ಲಿ ಬರೆಯುವುದರಲ್ಲಿ ಮೂವರೂ ಪ್ರವೀಣರು. ಆದರೆ ಆ ಪುಸ್ತಕಗಳಲ್ಲಿನ ಸಂಗತಿಗಳು ಬರೆದವರ ಕೈಗೆ ಎಲ್ಲಿಂದ ಬಂದವು ಎಂಬ ವಿಚಾರ ಅವರ ತಲೆಗೆ ಒಮ್ಮೆಯೂ ಬಂದಿರಲಿಲ್ಲ.

ಮೊದಲ ಪಾಠವೆಂದು ರಾಯರು ಅವರವರ ಊರಿನ ಬಗ್ಗೆ ತಮಗೆ ಖಚಿತವಾಗಿ ಗೊತ್ತಿರುವ ಒಂದೇ ಒಂದು ಸಂಗತಿ ಹೇಳಿರೆಂದರು. ರಮಾನಂದ ತಮ್ಮ ಮನೆಯ ಬಾವಿ ಪೋರ್ತುಗೀಜರ ಕಾಲದ್ದು ಎಂದ. ಯಾರು ಹೇಳಿದ್ದು? ಅಪ್ಪ. ಅಪ್ಪನಿಗೆ? ದೊಡ್ಡಪ್ಪ. ದೊಡ್ಡಪ್ಪನಿಗೆ? ರಮಾನಂದ ತಲೆ ಕೆರೆದುಕೊಂಡು, "ಬಾವಿ ಭಾಳ ಹಳೇದು ಸರ್, ನೋಡಿದ್ರೆ ಗೊತ್ತಾಗ್ತದೆ" ಎಂದಾಗ ವನಮಾಲಾ ಕಿಸಕ್ಕೆಂದು ನಕ್ಕಳು. ಮುಂದೆ ತನ್ನ ಸರದಿ ಬಂದಾಗ ಅವಳ ನಗೆಯೂ ಉಳಿಯಲಿಲ್ಲ. ಹೀಗೆ ಹಲವು ರವಿವಾರ ಕಳೆದ ಮೇಲೆ ಮೂವರಿಗೂ ತಮಗೆ ಏನೂ ಗೊತ್ತಿಲ್ಲ ಎಂಬುದು ಮನದಟ್ಟಾಯಿತು. ಆಗ ರಾಯರು ಸಂತುಷ್ಟರಾಗಿ ಎರಡನೆಯ ಪಾಠಕ್ಕೆ ಕೈಹಾಕಿದರು.

ಅದು ಚೀಟಿಗಳ ಪಾಠ. ಯುದ್ಧದ ದೆಸೆಯಿಂದ ಕಾಗದಕ್ಕೆ ಬರ. ಆದ್ದರಿಂದ ಮದುವೆಯ ಕರೆಯೋಲೆಗಳ ಬೆನ್ನು, ಚಹಾಪುಡಿಯ ಪೊಟ್ಟಣದ ಒಳಮೈ, ಹಳೆಯ ಪಂಚಾಂಗದ ಅಂಚು ಎಲ್ಲವನ್ನೂ ಒಂದಳತೆಗೆ ಕತ್ತರಿಸಿ, ಒಂದು ಚೀಟಿಗೆ ಒಂದೇ ಸಂಗತಿ ಬರೆದು, ಅದು ಎಲ್ಲಿ ಸಿಕ್ಕಿತೆಂಬುದನ್ನು ಕೆಳಗೆ ಕಾಣಿಸಬೇಕು. ತನ್ನ ಅಭಿಪ್ರಾಯವೇನಾದರೂ ಇದ್ದರೆ ಬೇರೆ ಚೀಟಿ, ಅದೂ ಪೆನ್ಸಿಲಿನಲ್ಲಿ. ಕಂಡದ್ದನ್ನೂ ಅನಿಸಿದ್ದನ್ನೂ ಒಂದೇ ಚೀಟಿಯಲ್ಲಿ ಬೆರೆಸಿದವನ ಮೇಲೆ ರಾಯರಿಗೆ ಬರುತ್ತಿದ್ದ ಸಿಟ್ಟು, ಅಕ್ಕಿಯಲ್ಲಿ ಕಲ್ಲು ಕಂಡ ಗೃಹಿಣಿಯ ಸಿಟ್ಟು.

ಮೂವರಲ್ಲಿ ರಾಯರಿಗೆ ಮಹಾಬಲನ ಮೇಲೆ ಹೆಚ್ಚು ಅಭಿಮಾನ. ಅದಕ್ಕೆ ಕಾರಣವೂ ಇತ್ತು. ಶರಾವತಿಯ ಅಳಿವೆಯ ಹಡಗು ವ್ಯಾಪಾರ ಅವನ ಪ್ರಬಂಧದ ವಿಷಯ. ಆ ವಿಷಯದ ಮೇಲೆ ರಾಯರು ತಾರುಣ್ಯದಲ್ಲಿ ಮುಂಬಯಿಯ ಪತ್ರಿಕೆಯೊಂದರಲ್ಲಿ ಒಂದು ಲೇಖನ ಪ್ರಕಟಿಸಿ, ವಿದ್ವಾಂಸರಿಂದ ಶಹಭಾಸ್ ಅನ್ನಿಸಿಕೊಂಡಿದ್ದರು. ಮಳೆಗಾಲ ಕಳೆದು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಪೂಜೆ ಮಾಡಿದ ಮೇಲೆ, ಅಳಿವೆಯ ಆಚೆ ದಡದ ಕಾಸರಕೋಡಿನ ಮಚವೆಗಳು, ಅಂದರೆ ಸರಕು ಸಾಗಿಸುವ ಹಾಯಿದೋಣಿಗಳು, ವರ್ಷದ ಮೊದಲ ಪ್ರಯಾಣವನ್ನು ತೆಂಕಣ ದಿಕ್ಕಿನ ಭಟ್ಕಳದ ಕಡೆಗೇ ಮಾಡುವುದು ಹಿಂದಿನ ಕಟ್ಟಳೆಯಾಗಿತ್ತು. ಆದ್ದರಿಂದ ಈ ಅಳಿವೆಯ ಪುರಾತನ ಸಂಬಂಧ ತೆಂಕಣದ್ದು, ಬಡಗಣ ದಿಕ್ಕಿನ ಕುಮಟೆಯ ಸಂಬಂಧ ಹತ್ತಿಯ ವ್ಯಾಪಾರದ ಜೊತೆ ಬಂದ ಈಚಿನದು. ಇದು ಆ ಲೇಖನದ ಸಾರ. ರಾಯರಿಗೆ ಈ ಕಟ್ಟಳೆಯ ವಿಚಾರ ಹೇಳಿದ್ದು ಅವರ ಅಜ್ಜ. ಊರಿಗೆಲ್ಲ ಕೇಳಿದ ಪ್ರಶ್ನೆಯನ್ನು ಅವರು ಅಜ್ಜನಿಗೆ ಮಾತ್ರ ಕೇಳಿರಲಿಲ್ಲ.

ಮಹಾಬಲ ಕಾಸರಕೋಡಿಗೆ ಹೋಗಿ, ಮುದುಕರಾದ ಮಚವೆಯವರನ್ನೆಲ್ಲ ಕಂಡು, ಅವರ ಹೇಳಿಕೆಗಳನ್ನು ಚೀಟಿಗಳಲ್ಲಿ ಇಳಿಸಿ, ಒಂದು ಅಧ್ಯಾಯವನ್ನೇ ಬರೆದು ತಂದ. ಎಲ್ಲರೂ ಒಂದೇ ಬಾಯಿಂದ ಭಟ್ಕಳವೆಂದಿದ್ದರು. ರಾಯರು ಓದುತ್ತ ಓದುತ್ತ ಹಿಗ್ಗಿದರು. ಸುಬ್ಬಲಕ್ಷ್ಮಿಯವರನ್ನು ಕರೆದು ಒಂದು ಪುಟವನ್ನು ಗಟ್ಟಿಯಾಗಿ ಓದಿ ಹೇಳಿದರು. ಆಮೇಲೆ ಚೀಟಿಗಳನ್ನು ಇಸ್ಪೀಟಿನಂತೆ ಜಗಲಿಯ ಮೇಲೆ ಹರಡಿ, ಬಹಳ ಹೊತ್ತು ನೋಡುತ್ತ ಕುಳಿತರು. ಹಿಗ್ಗು ಮುಖದಿಂದ ಸ್ವಲ್ಪ ಸ್ವಲ್ಪವಾಗಿ ಇಳಿಯಿತು.

"ಒಬ್ಬನೂ ಬೇರೆ ಮಾತು ಹೇಳಲಿಲ್ಲವೋ?"

"ಇಲ್ಲ ಸರ್."

"ಒಂದು ಮನೆಯ ಅಣ್ಣತಮ್ಮಂದಿರು ಅಪ್ಪ ಸತ್ತ ವರ್ಷದ ಬಗ್ಗೆ ಜಗಳ ಮಾಡ್ತಾರೆ ಮಾರಾಯ. ಇಡೀ ಬಂದರ ಒಂದೇ ಮಾತು ಹೇಳಿತೋ? ಮತ್ತೊಮ್ಮೆ ಹೋಗು. ಈ ಸಲ ಪ್ರಶ್ನೆ ತಿರುಗಿಸಿ ಕೇಳು."

ಮಹಾಬಲನಿಗೆ ಇದು ನುಂಗಲಾರದ ತುತ್ತಾಯಿತು. ಬೆಳಗಾವಿಯ ಕಾಲೇಜೊಂದರಲ್ಲಿ ಅಧ್ಯಾಪಕನ ಜಾಗವೊಂದು ಅವನಿಗಾಗಿ ಕಾದಿತ್ತು. ಪ್ರಬಂಧ ಆ ಬೇಸಿಗೆಯೊಳಗೆ ಮುಂಬಯಿ ಸೇರಿದರೆ ಜಾಗ ಅವನದು, ತಪ್ಪಿದರೆ ಇನ್ನೊಬ್ಬನದು. ಮನೆಯಲ್ಲಿ ಅಪ್ಪ, "ಮತ್ತೆ ಕಾಸರಕೋಡಿಗೆ ಎಂತಕ್ಕಾ? ಅಲ್ಲೆಂತ ಇದ್ದು?" ಎಂದು ಕೇಳಿದರು. "ಕೆಲಸ ಮುಗದ್ದಿಲ್ಲೆ ಅಪ್ಪಯ್ಯ. ಹೋಗಿ ಬತ್ತೆ" ಎಂದು ಹೇಳಿ ಅವನು ನದಿ ದಾಟಿಸುವ ತಾರಿಯ ದೋಣಿ ಹತ್ತಿದ.

ಕಾಸರಕೋಡಿನ ದಂಡೆಯಲ್ಲಿ ಒಣಮೀನು ಹರಡಿದ ಚಾಪೆಗಳ ಆಚೆ, ಹಾಯಿಗೆ ತೇಪೆ ಹಾಕುತ್ತಿದ್ದ ದುರ್ಗಪ್ಪ ಅವನನ್ನು ಕಂಡೊಡನೆ ಎದ್ದು ನಿಂತು ತಲೆಯ ವಸ್ತ್ರ ತೆಗೆದ. ಹೆಗಡೆಯವರ ಮನೆಯ ಅಡಿಕೆ, ತೆಂಗಿನಕಾಯಿಗಳೆಲ್ಲ ಸಾಗುತ್ತಿದ್ದದ್ದು ದುರ್ಗಪ್ಪನ ಮಚವೆಯಲ್ಲಿಯೇ.

"ದುರ್ಗಪ್ಪಾ, ಹಿಂದೆಲ್ಲ ಪೂಜೆ ಆದಮೇಲೆ ಮೊದಲ ಮಚವೆ ಕುಮಟೆಗೇ ಹೋಗ್ತಿತ್ತಲ್ಲವೋ?"

"ಹೌದ್ರಾ ಸಣ್ಣ ಒಡ್ಯಾ. ಕುಮಟೆಗೇ. ಮತ್ತೆಲ್ಲಿಗೆ?"

"ಹೋದ ಸಲ ಭಟ್ಕಳಕ್ಕೆ ಅಂದಿದ್ಯಲ್ಲ?"

"ಅದೂ ಹೌದು. ನೀವೇ ಹಾಗೆ ಅಂದಿದ್ರಲ್ಲ?"

ಅವನ ಮುಖದಲ್ಲಿ ಕಪಟವಾಗಲಿ ಕುಚೋದ್ಯವಾಗಲಿ ಇರಲಿಲ್ಲ. ಅಷ್ಟು ದೂರ ಬಿಸಿಲಲ್ಲಿ ಬಂದ ಒಡೆಯರ ಮಗನಿಗೆ ಎದುರಾಡುವುದು ಮರ್ಯಾದಸ್ಥರ ಲಕ್ಷಣವಲ್ಲವೆಂದು ತಿಳಿದವನು ಅವನು. "ಕೇಳೂಕೆ ಬಂದವ್ರಿಗೆ ಅಲ್ಲ ಅನ್ನೂಕೆ ಆಗ್ತದ್ಯಾ ಒಡ್ಯಾ?" ಎಂದು ಅವನೇ ಸಮಾಧಾನ ಹೇಳಿ ಎಳನೀರು ಕೆತ್ತಿಕೊಟ್ಟ. ಮಹಾಬಲ ಅದನ್ನು ಅರ್ಧಕ್ಕೇ ಬಿಟ್ಟು ಎದ್ದ. ದಂಡೆಯುದ್ದಕ್ಕೂ ಬೇರೆಯವರನ್ನು ಕೇಳಿದ. ಎಲ್ಲರೂ ಅಷ್ಟೇ ವಿನಯದಿಂದ ಕುಮಟೆಯೆಂದರು.

ರಾಯರು ಈ ವರದಿ ಕೇಳಿ ನಗಲಿಲ್ಲ. "ತಪ್ಪು ಅವರದ್ದಲ್ಲ. ನೀನು ಪ್ರಶ್ನೆ ತಕ್ಕೊಂಡು ಹೋಗಲಿಲ್ಲ, ಉತ್ತರ ತಕ್ಕೊಂಡು ಹೋಗಿ ಅವರ ಸಹಿ ಕೇಳಿದೆ" ಎಂದರು. ಮರುದಿನ ತಾವೇ ಕೋಟು ತೊಟ್ಟು ಅವನೊಡನೆ ನದಿ ದಾಟಿದರು. ಆದರೆ ದಂಡೆಯಲ್ಲಿ ಏನನ್ನೂ ಕೇಳಲಿಲ್ಲ. ಪೆನ್ಸಿಲು, ಚೀಟಿ ಹೊರತೆಗೆಯಬಾರದೆಂದು ಮಹಾಬಲನಿಗೂ ತಾಕೀತು ಮಾಡಿದರು. ಬೋರಲು ಹಾಕಿದ ದೋಣಿಯೊಂದರ ಮೇಲೆ ಕುಳಿತು ತಮ್ಮ ಮೊಣಕಾಲಿನ ನೋವು, ಮುಂಬಯಿಯ ಟ್ರಾಮು, ರೇಷನ್ನಿನ ಹುಳುಕಲು ಅಕ್ಕಿ ಇವುಗಳ ಬಗ್ಗೆ ಮಾತಾಡಿದರು. ಹೀಗೆ ದಿನಗಳು ಹೋದವು. ಮಹಾಬಲ ಒಳಗೊಳಗೇ ಕುದಿಯುತ್ತಿದ್ದ. ಮಚವೆಯವರು ಮಾತ್ರ ಮೊದಮೊದಲು ಎದ್ದು ನಿಲ್ಲುತ್ತಿದ್ದವರು ಆಮೇಲಾಮೇಲೆ ಕುಳಿತೇ ಮಾತಾಡತೊಡಗಿದರು, ಕೊನೆಗೆ ಈ ಇಬ್ಬರೂ ಅಲ್ಲಿರುವುದನ್ನು ಮರೆತೇಬಿಟ್ಟರು.

ಒಂದು ಮಧ್ಯಾಹ್ನ ದುರ್ಗಪ್ಪನ ಹಾಯಿ ಸಿದ್ಧವಾಯಿತು. ಮುಂದಿನ ಹಂಗಾಮಿಗೆ ಮೊದಲು ಎಲ್ಲಿಗೆ ಹೋಗುವುದೆಂಬ ಮಾತು ಎದ್ದು, ತನ್ನಪ್ಪ ಯಾವಾಗಲೂ ಮೊದಲು ಭಟ್ಕಳಕ್ಕೆ ಹೋಗುತ್ತಿದ್ದನೆಂದು ದುರ್ಗಪ್ಪ ಹೇಳಿದ.

"ಅಲ್ವೇ ಅಲ್ಲ!" ಎಂದು ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ಮುದುಕ ಪಾಂಡು ತಲೆಯೆತ್ತಿದ. "ನಿನ್ನಪ್ಪ ಹೋದದ್ದು ಸರಕು ಕೊಟ್ಟವ್ರ ಹಿಂದೆ. ಒಂದ್ ವರ್ಷ ಭಟ್ಕಳ, ಒಂದ್ ವರ್ಷ ಕುಮಟೆ. ನಮ್ಮಪ್ಪನೂ ಹಾಗೇಯ. ಮೊದ್ಲು ಇಲ್ಲಿಗೇ ಹೋಗ್ಬೇಕು ಅಂತ ಯಾವ ಕಟ್ಲೆ ಇತ್ತು?"

"ಪೂಜೆದಿನ ಭಟ್ಕಳಕ್ಕೆ ಹೋಗೂ ಸರಕೇ ಬರ್ತಿತ್ತು."

"ಎಂತ ಬರ್ತಿತ್ತು? ನೀ ಹುಟ್ಟಿದ ವರ್ಷ ಎಂತದೂ ಬರಲೇ ಇಲ್ಲ, ಮಚವೆ ಇಲ್ಲೇ ಬಿದ್ದಿತ್ತು!"

ಸುತ್ತಲಿನವರು ಸೇರಿಕೊಂಡರು; ಒಬ್ಬೊಬ್ಬನು ಒಂದೊಂದು ವರ್ಷದ ಮಾತು ತೆಗೆದ. ಆ ಮರಳಿನ ಮೇಲೆ ಮಹಾಬಲ ‘ಅಲ್ಲ’ ಎಂಬ ಮಾತನ್ನು ಕೇಳಿದ್ದು ಅದೇ ಮೊದಲು. ಗದ್ದಲವೆಲ್ಲ ಮುಗಿದಾಗ ಉಳಿದದ್ದು ಪಾಂಡುವಿನ ಮಾತೇ: ಸರಕಿದ್ದ ಕಡೆಗೆ ಮಚವೆ. ದುರ್ಗಪ್ಪನೂ ಗೊಣಗುತ್ತ ಒಪ್ಪಿದ. ತಿರುಗಿ ಬರುವಾಗ ತಾರಿಯಲ್ಲಿ ರಾಯರು ನೀರು ನೋಡುತ್ತ ಕುಳಿತಿದ್ದರು. ದಡ ಮುಟ್ಟಿದ ಮೇಲೆ, "ಆತು. ಇನ್ನು ಬರಿ" ಎಂದಷ್ಟೇ ಹೇಳಿದರು.

ಬರೆಯಲು ಕುಳಿತಾಗ ಮಹಾಬಲನಿಗೆ ಹೊಸ ತೊಡಕು ಎದುರಾಯಿತು. ಗುರುಗಳು ಅಚ್ಚುಹಾಕಿಸಿ ಹೆಸರು ಗಳಿಸಿದ ಮಾತನ್ನು ಸುಳ್ಳೆಂದು ಬರೆದು, ಅದಕ್ಕೆ ಅದೇ ಗುರುಗಳ ಸಹಿ ಕೇಳುವುದು ಹೇಗೆ? ಮಾರ್ಗದರ್ಶಕರ ಸಹಿಯಿಲ್ಲದೆ ಪ್ರಬಂಧವಿಲ್ಲ, ಪ್ರಬಂಧವಿಲ್ಲದೆ ಬೆಳಗಾವಿಯಿಲ್ಲ. ಹತ್ತು ಕಡೆ ಯೋಚಿಸಿ ಅವನು ಒಂದು ನಯವಾದ ದಾರಿ ಕಂಡುಕೊಂಡ. ಮಚವೆಯವರ ನೆನಪುಗಳು ಪರಸ್ಪರ ವಿರುದ್ಧವಾಗಿರುವುದರಿಂದ ಅವು ವಿಶ್ವಾಸಾರ್ಹವಲ್ಲ, ಆದಕಾರಣ ಪೂಜ್ಯ ಪ್ರೊಫೆಸರರ ಅಭಿಪ್ರಾಯವನ್ನೇ ಅಂಗೀಕರಿಸುವುದು ಯುಕ್ತ ಎಂದು ಬರೆದು ಮುಗಿಸಿದ.

ರಾಯರು ಜಗಲಿಯಲ್ಲಿ ಆ ಪುಟ ಓದಿ ಕನ್ನಡಕ ತೆಗೆದರು.

"ಪಾಂಡು ಸುಳ್ಳು ಹೇಳಿದ ಅಂತ ನಿನಗೆ ಅನಿಸ್ತದೋ?"

"ಹಾಗೆಂತ ಅಲ್ಲ ಸರ್..."

"ಹಾಗಾದರೆ ನಾನು ಬರೆದದ್ದು ಸರಿಯೋ?"

"ಹೌದು ಸರ್."

ರಾಯರು ಕಾಗದಗಳನ್ನು ಮಡಚಿ ಅವನ ಕಡೆಗೆ ಸರಿಸಿದರು. "ದುರ್ಗಪ್ಪನಿಗೆ ನಿಮ್ಮಪ್ಪನ ಅಡಿಕೆ ಬೇಕು. ನಿನಗೆ ನನ್ನ ಸಹಿ ಬೇಕು. ಇಬ್ಬರ ಸಾಕ್ಷ್ಯವೂ ಒಂದೇ ತೂಕದ್ದು. ನಾನು ಇದಕ್ಕೆ ಸಹಿ ಹಾಕೂದಿಲ್ಲ."

ಮಹಾಬಲನಿಗೆ ಅವಮಾನವೂ ಸಿಟ್ಟೂ ಒಟ್ಟಿಗೆ ನುಗ್ಗಿ, ಅವನು ಎದ್ದು ನಿಂತು, ತಾನೇ ನಿರೀಕ್ಷಿಸದಷ್ಟು ಗಟ್ಟಿಯಾಗಿ ಮಾತಾಡಿದ. "ನೀವು ಬರೆದದ್ದು ತಪ್ಪು ಸರ್. ನಿಮ್ಮ ಅಜ್ಜ ಹೇಳಿದ್ದು ಬಿಟ್ಟರೆ ಆ ಲೇಖನದಲ್ಲಿ ಒಂದು ಆಧಾರವೂ ಇಲ್ಲ. ಇದು ನನಗೆ ಆ ದಿವಸ ತಾರಿಯಲ್ಲೇ ಗೊತ್ತಾಗಿತ್ತು. ನಿಮಗೂ ಗೊತ್ತಾಗಿತ್ತು."

ಚಹಾ ತಂದ ಸುಬ್ಬಲಕ್ಷ್ಮಿಯವರು ಬಾಗಿಲಲ್ಲಿಯೇ ನಿಂತರು. ರಾಯರ ಮುಖ ಬಿಳಿಚಿಕೊಂಡಿತು. ಅವರು ಮೆಲ್ಲಗೆ ಎದ್ದು, "ಹಾಗೇ ಬರಿ" ಎಂದು ಹೇಳಿ ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. "ಚಹಾ ಕುಡಿದು ಹೋಗು ಮಗಾ" ಎಂದರು ಸುಬ್ಬಲಕ್ಷ್ಮಿಯವರು, "ಅವರಿಗೆ ಸ್ವಲ್ಪ ಹೊತ್ತು ಬೇಕು."

ಆ ಹೊತ್ತು ಸ್ವಲ್ಪದ್ದಾಗಿರಲಿಲ್ಲ. ಮುಂದಿನ ರವಿವಾರ ರಾಯರಿಗೆ ತಲೆನೋವೆಂದು ಪಾಠ ನಡೆಯಲಿಲ್ಲ; ಅದರ ಮುಂದಿನ ರವಿವಾರವೂ ಇಲ್ಲ. ಮಹಾಬಲ ಅಧ್ಯಾಯವನ್ನು ಹೊಸದಾಗಿ ಬರೆದು, ಲೇಖನದ ಹೆಸರು ಹೇಳಿ, ಅದು ಎಲ್ಲಿ ತಪ್ಪಿತೆಂಬುದನ್ನು ಮರೆಮಾಚದೆ ತೋರಿಸಿ, ಹೆದರುತ್ತ ತಂದುಕೊಟ್ಟ. ರಾಯರು ಅವನ ಎದುರಿಗೇ ಮೊದಲಿನಿಂದ ಕೊನೆಯವರೆಗೆ ಓದಿ, ಒಂದು ಕಡೆ ತಮ್ಮ ಲೇಖನದ ಪುಟಸಂಖ್ಯೆ ತಪ್ಪಾಗಿದ್ದುದನ್ನು ತಿದ್ದಿದರು. ಆಮೇಲೆ ತಲೆಯೆತ್ತದೆ ಸಹಿ ಹಾಕಿದರು. ಪ್ರಬಂಧ ಸ್ವೀಕೃತವಾಯಿತು, ಬೆಳಗಾವಿಯ ಜಾಗವೂ ಸಿಕ್ಕಿತು. ಆದರೆ ಅಂದಿನಿಂದ ರಾಯರು ಮಹಾಬಲನನ್ನು ‘ನೀವು’ ಎಂದು ಕರೆಯತೊಡಗಿದರು. ಅದು ಗೌರವವೋ ಮುನಿಸೋ ಎಂದು ಕೇಳುವ ಧೈರ್ಯ ಅವನಿಗೆ ಎಂದೂ ಬರಲಿಲ್ಲ, ಎರಡೂ ಇದ್ದಿರಬೇಕು.

ಸತ್ಯವನ್ನು ಪ್ರೀತಿಸುವವರಿಗೆ ತಮ್ಮ ತಪ್ಪು ತಿಳಿದಾಗ ಆನಂದವಾಗುತ್ತದೆ ಎಂದು ದೊಡ್ಡವರ ಚರಿತ್ರೆಗಳಲ್ಲಿ ಬರೆದಿರುತ್ತದೆ. ಹಾಗೆ ಬರೆದವರು ಅಂಥವರ ಮನೆಯಲ್ಲಿ ಒಂದು ವಾರ ಇದ್ದು ನೋಡಿದವರಲ್ಲ. ಶಿಷ್ಯರಿಗೆ ಎದುರಾಡಲು ಕಲಿಸುವ ಗುರುಗಳಿಗೆ, ಆ ವಿದ್ಯೆ ಫಲಿಸಿದ ದಿನ ಎಲ್ಲರಂತೆಯೇ ಎದೆ ಉರಿಯುತ್ತದೆ, ಊಟ ಸೇರುವುದಿಲ್ಲ, ಹೆಂಡತಿಯೊಡನೆ ಮಾತು ನಿಲ್ಲುತ್ತದೆ. ನಮಗೂ ಅವರಿಗೂ ಇರುವ ಅಂತರ ಇಷ್ಟೇ: ಅದೆಲ್ಲ ಆಗುತ್ತಿರುವಾಗಲೂ ಅವರ ಕೈ ಸಹಿ ಹಾಕುತ್ತದೆ.